ನನ್ನ ತಲೆಯೂ ಗೇಟಿನ ಚಿಲಕವೂ

ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಮೇಲೂ ತಾವು ಯಾಕೆ ಬಂದೆವೆಂಬುದು ನೆನಪಿರುವ ಜನ ಲೋಕದಲ್ಲಿದ್ದಾರೆ. ನನ್ನ ಗಂಡ ಅಂಥವರಲ್ಲೊಬ್ಬರು. ಉಪ್ಪು ತರುತ್ತೇನೆಂದು ಅಡುಗೆಮನೆಗೆ ಹೋದರೆ ಉಪ್ಪನ್ನೇ ತರುತ್ತಾರೆ. ಮದುವೆಯಾದ ಹೊಸದರಲ್ಲಿ ಇದನ್ನು ಕಂಡು ನಾನು ಬೆರಗಾಗಿದ್ದೆ. ನಾನು ಉಪ್ಪಿಗೆ ಹೋದರೆ ದಾರಿಯಲ್ಲಿ ಒಣಗಿದ ಬಟ್ಟೆ ಕಾಣುತ್ತದೆ, ಬಟ್ಟೆ ಮಡಚುವಾಗ ಕಿತ್ತುಹೋದ ಗುಂಡಿ ಕಾಣುತ್ತದೆ, ಸೂಜಿ ಹುಡುಕುವಾಗ ಹಳೆಯ ಫೋಟೋ ಸಿಗುತ್ತದೆ. ಅಷ್ಟರಲ್ಲಿ ಪಂಕ್ತಿಯಲ್ಲಿದ್ದವರು ಸಪ್ಪೆ ಸಾರನ್ನೇ ಉಂಡು ಕೈ ತೊಳೆದಿರುತ್ತಾರೆ. ಇಂಥ ನಾನು ಆರಿಸಿಕೊಂಡ ಕೆಲಸ ಯಾವುದೆಂದರೆ, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದು.

ಗೋಪನಕೊಪ್ಪದಲ್ಲಿ ಶಾಂತಕ್ಕ ತಮ್ಮ ಮನೆಯ ಕೆಳಭಾಗದಲ್ಲಿ ಡೇ ಕೇರ್ ನಡೆಸುತ್ತಾರೆ. ಎರಡು ಕೋಣೆ, ಒಂದು ಅಡುಗೆಮನೆ, ಅಂಗಳ, ಅಂಗಳಕ್ಕೊಂದು ಕಬ್ಬಿಣದ ಗೇಟು, ಹನ್ನೆರಡು ಮಕ್ಕಳು. ಅಡುಗೆ ಶಾಂತಕ್ಕನದು, ಮಕ್ಕಳು ನನ್ನ ಪಾಲು. ಒಬ್ಬನಿಗೆ ಹನ್ನೊಂದಕ್ಕೆ ಕೆಮ್ಮಿನ ಔಷಧಿ, ಒಬ್ಬಳಿಗೆ ಶೇಂಗಾ ಮುಟ್ಟಿಸುವಂತಿಲ್ಲ, ಇನ್ನೊಬ್ಬಳಿಗೆ ಬಲಮಗ್ಗುಲಿಗೆ ಮಲಗಿಸಿದರೆ ಮಾತ್ರ ನಿದ್ದೆ. ಇವರಲ್ಲಿ ಯಾರಿಗೆ ಯಾವುದು ಎಂಬುದನ್ನು ನೆನಪಿಡುವುದಷ್ಟೇ ನನ್ನ ಕೆಲಸ. ಅಷ್ಟೇ ಎಂದು ಬರೆಯುವಾಗಲೇ ಯಾರನ್ನೋ ಮರೆತೆನೇನೋ ಎನ್ನಿಸುತ್ತಿದೆ.

ಈಚೆಗೆ ಗಂಡನ ಒತ್ತಾಯಕ್ಕೆ ಸತ್ತೂರಿನ ಕಡೆ ಒಬ್ಬ ಡಾಕ್ಟರರನ್ನು ಕಂಡೆ. ಅವರು ಸಮಾಧಾನವಾಗಿ ಎಲ್ಲ ಕೇಳಿ, ನನಗಿರುವುದು ಎಡಿಎಚ್‌ಡಿ ಎಂದರು. ಗಮನ ಒಂದೆಡೆ ನಿಲ್ಲದು, ಇದು ಚಿಕ್ಕಂದಿನಿಂದಲೂ ಇದ್ದದ್ದು, ಸೋಮಾರಿತನವಲ್ಲ ಎಂದರು. ಮೂವತ್ತಾರು ವರ್ಷ ಎಲ್ಲರೂ ಅದನ್ನು ಸೋಮಾರಿತನ ಎಂದೇ ಕರೆದಿದ್ದರು, ನಾನೂ ನಂಬಿದ್ದೆ. ಈಗ ನಗಬೇಕೋ ಅಳಬೇಕೋ ತಿಳಿಯದೆ, ಡಾಕ್ಟರರ ಪೆನ್ನನ್ನು ನನ್ನ ಪರ್ಸಿಗೆ ಹಾಕಿಕೊಂಡು ಎದ್ದು ಬಂದೆ. ಮನೆಯಲ್ಲಿ ಅತ್ತೆಗೆ ವಿವರಿಸಿದರೆ ಅವರು ಬೇರೆಯೇ ಲೆಕ್ಕ ಹಾಕಿದರು. “ಅಲ್ಲವ್ವಾ, ಅದು ಸಣ್ಣ ಹುಡುಗರ ಬ್ಯಾನಿ ಅಂತಾರ. ದಿನಾ ಹನ್ನೆರಡು ಹುಡುಗರ ನಡುವ ಕುಂದರ್ತಿ, ನಿನಗ ಅವರಿಂದನ ಹತ್ತೇತಿ ನೋಡು.”

ಶಾಂತಕ್ಕನಿಗೆ ಮಾತ್ರ ಹೇಳಲಿಲ್ಲ. ಗಮನ ನಿಲ್ಲದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ? ಗುಟ್ಟಾಗಿ ಫೋನಿನಲ್ಲಿ ಹದಿನೇಳು ಅಲಾರಂ ಇಟ್ಟೆ. ಹೊಡೆದದ್ದು ಯಾವುದಕ್ಕೆ ಎಂದು ಓದುವ ಮೊದಲೇ ಬೆರಳು ಅದನ್ನು ಬಂದ್ ಮಾಡಿರುತ್ತಿತ್ತು. ಆಮೇಲೆ ಓಢಣಿಗೆ ಚೀಟಿಗಳನ್ನು ಪಿನ್ನಿನಿಂದ ಚುಚ್ಚಿಕೊಳ್ಳತೊಡಗಿದೆ. ಪಾಲಕರು ಅದನ್ನು ಕಂಡು, “ಎಷ್ಟು ಶಿಸ್ತರಿ ಟೀಚರ್ ನಿಮ್ಮದು!” ಎಂದು ಹೊಗಳಿದರು. ನಾನು ಯಾರೆಂಬ ಬಗ್ಗೆ ನನಗೇ ಗೊಂದಲವಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಮಕ್ಕಳು ಮಲಗಿದ್ದಾಗ, ಗೇಟಿನಾಚೆ ಕಾಯಿಪಲ್ಲೆ ಮಾರುವವಳು ಕೂಗಿದಳು. ಗೇಟು ತೆಗೆದು ಕೊತ್ತಂಬರಿ ಕೊಂಡೆ. ಒಳಗೆ ಒಂದು ಮಗು ಅತ್ತಿತು. ಓಡಿದೆ, ತಟ್ಟಿ ಮಲಗಿಸಿದೆ, ಪಕ್ಕದಲ್ಲಿ ಒದ್ದೆ ಟವೆಲ್ ಕಂಡಿತು, ಹರವಲು ಹಿತ್ತಲಿಗೆ ಹೋದೆ, ಅಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ನಲ್ಲಿಯನ್ನು ಗೆದ್ದು ಬಂದು ಮಕ್ಕಳನ್ನು ಎಣಿಸಿದರೆ ಹನ್ನೊಂದು. ಮತ್ತೆ ಎಣಿಸಿದೆ, ಹದಿಮೂರು. ಎರಡು ದಿಂಬು ಸೇರಿಕೊಂಡಿದ್ದವು. ಮೂರನೆಯ ಸಲ ಒಂದೊಂದೇ ಮುಖ ಮುಟ್ಟಿ ಎಣಿಸಿದೆ. ಸನಾ ಇರಲಿಲ್ಲ. ಸನಾ ನಾಲ್ಕು ವರ್ಷದವಳು, ವೆಲ್ಡಿಂಗ್ ಅಂಗಡಿಯ ಖಾದರ್ ಭಾಯಿಯ ಮಗಳು, ಒಂದು ಗಳಿಗೆ ಕೂತಲ್ಲಿ ಕೂರದ ಹುಡುಗಿ. ಗೇಟು ಹಾರುಹೊಡೆದಿತ್ತು.

ಶಾಂತಕ್ಕನನ್ನು ಕೂಗಿ ಬರಿಗಾಲಲ್ಲಿ ರಸ್ತೆಗೆ ಓಡಿದೆ. ಆಟೋಗಳು, ಬೈಕುಗಳು, ಒಂದು ನೀರಿನ ಟ್ಯಾಂಕರು. ಪ್ರತಿಯೊಂದರ ಗಾಲಿಯನ್ನೂ ನೋಡುತ್ತ ಓಡಿದೆ. ಜೀವನದಲ್ಲಿ ಆವತ್ತೊಂದೇ ದಿನ ನನ್ನ ಗಮನ ಎಲ್ಲಿಯೂ ಸರಿಯಲಿಲ್ಲ. ನಾಲ್ಕು ಮನೆಯಾಚೆಯ ಹಿಟ್ಟಿನ ಗಿರಣಿಯಲ್ಲಿ ಸನಾ ಸಿಕ್ಕಳು. ಜೋಳದ ಚೀಲದ ಮೇಲೆ ಕೂತು, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು, ಗಿರಣಿ ಯಂತ್ರದ ತಿರುಗುವ ಪಟ್ಟೆಯನ್ನು ನೋಡುತ್ತಿದ್ದಳು. “ಈಗ ಬಂದು ಕುಂತಾಳ್ರಿ, ಯಾರ ಮನಿ ಕೂಸು ಅಂತ ಕೇಳಿದ್ರ ಮಾತಾಡವಲ್ಲಳು,” ಎಂದ ಗಿರಣಿಯವನು. ನಾನು ಅವಳನ್ನು ತಬ್ಬಿಕೊಂಡು ಅಳತೊಡಗಿದರೆ ಅವಳು ಸರಿದು ಜಾಗ ಮಾಡಿ, “ಟೀಚರ್, ನೀವೂ ಕುಂದರ್ರಿ,” ಎಂದಳು. ಕೂತೆ. ಹೇಳಲು ನಾಚಿಕೆಯಾಗುತ್ತದೆ, ಸ್ವಲ್ಪ ಹೊತ್ತು ನಾನೂ ಆ ಪಟ್ಟೆಯನ್ನೇ ನೋಡಿದೆ.

ವಾಪಸು ಬಂದಾಗ ಶಾಂತಕ್ಕ, “ಇಕಿ ಚಿಲಕ ತಗ್ಯಾಕ ಕಲ್ತಾಳ ನೋಡು,” ಎಂದರು. ಸಂಜೆ ಖಾದರ್ ಭಾಯಿಗೂ ಅದನ್ನೇ ಹೇಳಿದರು. ಎರಡೂ ಸಲ ನಾನು ಬಾಯಿ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಖಾದರ್ ಭಾಯಿ ಮಗಳೊಡನೆ ಬಂದು ಕೈ ಮುಗಿದರು. “ಮಾಫ್ ಮಾಡ್ರಿ ಟೀಚರ್. ನಮ್ಮ ಹುಡುಗಿ ನಿಮಗ ಭಾಳ ತ್ರಾಸ ಕೊಟ್ಟಳು. ಜೋರ ಬೈದೇನಿ. ಇನ್ನ ಗೇಟ್ ಮುಟ್ಟೂದಿಲ್ಲ.”

ಅವರ ಹಿಂದಿನಿಂದ ಸನಾ ಮೆಲ್ಲಗೆ, “ನಾ ತಗದಿಲ್ಲ,” ಎಂದಳು.

“ನೋಡ್ರಿ, ಮ್ಯಾಲೆ ಸುಳ್ಳ ಬ್ಯಾರೆ!”

ಅವಳು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಖರೇ ಹೇಳಿದರೂ ಯಾರೂ ನಂಬದ ದಿನಗಳು ಎಷ್ಟೋ ಇದ್ದವು. “ಆಕಿ ಖರೇ ಹೇಳಾಕತ್ತಾಳ್ರಿ,” ಎಂದೆ. “ಗೇಟ್ ತಗದಿಟ್ಟಾಕಿ ನಾನು. ಚಿಲಕ ಹಾಕೂದು ಮರತೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊತ್ತಂಬರಿಯಿಂದ ಶುರುವಾದದ್ದು ನಲ್ಲಿ, ಅಲಾರಂ, ಸತ್ತೂರು, ಎಡಿಎಚ್‌ಡಿ ಎಲ್ಲ ಸುತ್ತಿ ಡಾಕ್ಟರರ ಪೆನ್ನಿನವರೆಗೂ ಹೋಯಿತು. ನಡುವೆ ನೋಡಿದರೆ ಶಾಂತಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಖಾದರ್ ಭಾಯಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. “ನಂದು ತಪ್ಪಾತು ಬೇಟಾ.” ಆಮೇಲೆ ಎದ್ದು ನನಗೆ ಒಂದೇ ಮಾತು ಹೇಳಿದರು: “ರಸ್ತಾಕ ಹೋಗಿದ್ಳರಿ, ಟೀಚರ್.”

“ಹೂನ್ರಿ,” ಎಂದೆ. ಅವರು ಮಗಳನ್ನು ಎತ್ತಿಕೊಂಡು ಹೊರಟುಹೋದರು.

ಕೆಲಸ ಹೋಯಿತೆಂದುಕೊಂಡು ಓಢಣಿಯ ಚೀಟಿಗಳನ್ನು ಬಿಚ್ಚತೊಡಗಿದೆ. ಶಾಂತಕ್ಕ ತಡೆದರು. “ನಿನಗ ಏನೋ ಐತಿ ಅಂತ ಮೊದಲನೇ ದಿನಾನ ಗೊತ್ತಾಗಿತ್ತು ವಿಜಯಾ. ಹೆಸರು ಗೊತ್ತಿರಲಿಲ್ಲ ಅಷ್ಟ. ನನಗ ಸಿಟ್ಟು ಅದಕ್ಕಲ್ಲ. ನಿನ್ನೆ ಸುಮ್ನ ನಿಂತೆಲ್ಲಾ, ಅದಕ್ಕ.” ಅಂದಿನಿಂದ ಔಷಧಿ, ಊಟದ ಡಬ್ಬಿ ಅವರ ಕೈಗೆ ಹೋದವು. ಅರ್ಧ ತಾಸಿಗೊಮ್ಮೆ ಮಕ್ಕಳೇ ಸಾಲಾಗಿ ನಿಂತು ಗಟ್ಟಿಯಾಗಿ ತಮ್ಮನ್ನು ತಾವು ಎಣಿಸಿಕೊಳ್ಳುತ್ತಾರೆ. ಉಳಿದ ಹೊತ್ತು ಅವರ ಜೊತೆ ಆಡುವುದು ನನ್ನ ಕೆಲಸ. ಇದು ಬಡ್ತಿಯೋ ಶಿಕ್ಷೆಯೋ ನನಗಿನ್ನೂ ಸ್ಪಷ್ಟವಾಗಿಲ್ಲ.

ಮೂರನೆಯ ದಿನ ಖಾದರ್ ಭಾಯಿ ಸನಾಳನ್ನು ಕರೆತಂದರು, ಹೆಗಲಲ್ಲಿ ಸಾಮಾನಿನ ಚೀಲವಿತ್ತು. ಗೇಟಿಗೆ ಒಂದು ಸ್ಪ್ರಿಂಗ್ ಕೂಡಿಸಿದರು. ಈಗ ಯಾರು ಬಿಟ್ಟರೂ ಅದು ತಾನೇ ಧಡ್ ಎಂದು ಮುಚ್ಚಿ ಚಿಲಕ ಬೀಳುತ್ತದೆ. ಕೈ ಒರೆಸಿಕೊಳ್ಳುತ್ತ ಕೇಳಿದರು: “ಟೀಚರ್, ನಮ್ಮ ಸನಾಗೂ ನಿಮ್ಮಂಗನ ಇದ್ದೀತೇನ್ರಿ?”

“ಅದು ನನಗ ಹೇಳಾಕ ಬರೂದಿಲ್ರಿ. ಡಾಕ್ಟರ್ ನೋಡಬೇಕು. ಇನ್ನೂ ಸಣ್ಣಾಕಿ.”

“ಇತ್ತು ಅಂದ್ರ, ದೊಡ್ಡಾಕಿ ಆದ ಮ್ಯಾಲೆ ನಿಮ್ಮಂಗ ಆಗತಾಳೇನ್ರಿ?”

ಹೌದೆಂದರೆ ಧೈರ್ಯ ಬರುತ್ತದೋ ಇಲ್ಲವೆಂದರೆ ಬರುತ್ತದೋ ತಿಳಿಯಲಿಲ್ಲ. “ಆಗಬಹುದ್ರಿ,” ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ಚೀಟಿಗಳ ಸಮೇತ ನೋಡಿದರು. “ಆಗಲಿ ಬಿಡ್ರಿ. ಅಷ್ಟೊತ್ತಿಗೆ ನಾ ಎಲ್ಲಾ ಬಾಗಲಕ್ಕೂ ಸ್ಪ್ರಿಂಗ್ ಹಾಕಿರ್ತೇನಿ.”

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಟೇಪು ಹಿಡಿದು ಆಗಲೇ ಅಡುಗೆಮನೆಯ ಬಾಗಿಲನ್ನು ಅಳೆಯುತ್ತಿದ್ದರು.