ತಂತಿ ಟೋಪಿಯೊಳಗಿನ ಮಾತು

ಇಪ್ಪತ್ತು ವರ್ಷದಿಂದ ಜನರ ತಲೆಗೆ ತಂತಿ ಅಂಟಿಸುತ್ತಿದ್ದೇನೆ. ಇನ್ನು ಬೆಚ್ಚಿಬೀಳುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡ ದಿನವೇ ಏನಾದರೊಂದು ನಡೆದು ಎದೆ ಧಸಕ್ಕೆನ್ನುತ್ತದೆ. ಈಗಿನ ಕೆಲಸದಲ್ಲಂತೂ ಅದು ವಾರಕ್ಕೊಮ್ಮೆ ಗ್ಯಾರಂಟಿ.

ಕೆಲಸ ಇಷ್ಟೆ. ಮನುಷ್ಯ ಮಾತಾಡುವ ಮೊದಲು ಮಿದುಳಿನಲ್ಲಿ ಸಣ್ಣದೊಂದು ಅಲೆ ಏಳುತ್ತದೆ. ಅದನ್ನು ಹಿಡಿಯಬೇಕು. ತಲೆಗೆ ತಂತಿಗಳ ಟೋಪಿ ಹಾಕಿ, ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತೇವೆ. ಕೂತವರು ಅಲುಗಾಡದೆ ಅದರ ಹೆಸರು ಹೇಳಬೇಕು, ಒಂದೇ ಪದದಲ್ಲಿ. ಸಂಶೋಧನೆ ಮೈಸೂರಿನ ಡಾಕ್ಟರ್ ಮೇಡಂದು, ಟೋಪಿ ನನ್ನದು. ವಾರಕ್ಕೆ ಮೂರು ದಿನ ನಂಜನಗೂಡಿನ ಆಸ್ಪತ್ರೆ, ಎರಡು ದಿನ ತಿ. ನರಸೀಪುರದ್ದು.

ಮೊದಲು ಚೆನ್ನಾಗಿ ಮಾತಾಡುವ ಹತ್ತು ಜನರ ದಾಖಲೆ ಸಿಗಬೇಕು, ಆಮೇಲೆಯೇ ಮಾತು ಕಳೆದುಕೊಂಡವರ ಸರದಿ ಎಂದು ಮೇಡಂ ನಿಯಮ ಮಾಡಿದ್ದರು. ಆ ಸರದಿಗೆ ಕಳಲೆ ಊರಿನ ಒಬ್ಬ ಅಮ್ಮ ಕಾದಿದ್ದರು. ಅವರ ಯಜಮಾನರಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಕೈಕಾಲು ಸುಧಾರಿಸಿದ್ದವು, ಬಾಯಿಂದ ಮಾತ್ರ ಒಂದು ಪದವೂ ಬಂದಿರಲಿಲ್ಲ. ಅಮ್ಮ ಪ್ರತಿ ಸೋಮವಾರ ನಂಜನಗೂಡಿಗೆ ಬಂದು, "ನಮ್ಮೋರ್ ಮಾತು ಒಳ್ಗಡೆ ಅದೋ, ಒಂಟೋಗದೋ, ಅಷ್ಟ್ ನೋಡೇಳಿ ಸಾ" ಎನ್ನುತ್ತಿದ್ದರು. ನಾನು "ಇನ್ನೆರಡು ವಾರ ಅಮ್ಮಾ" ಎನ್ನುತ್ತಿದ್ದೆ. ಆ ಎರಡು ವಾರ ಮೂರು ತಿಂಗಳಾಯಿತು. ಯಾಕೆ ಎಂದರೆ, ಕೇಳಿ.

೧. ಎಣ್ಣೆ ಇಲ್ಲದ ತಲೆ

ತಲೆಯಲ್ಲಿ ಎಣ್ಣೆ ಇದ್ದರೆ ತಂತಿ ಹಿಡಿಯುವುದಿಲ್ಲ. ಹದಿನಾರು ಎಂಬ ಊರಿನ ನಾಲ್ವರು ಹೆಂಗಸರಿಗೆ, "ತಲೆಗೆ ನೀರು ಹಾಕಿಕೊಂಡು, ಎಣ್ಣೆ ಮುಟ್ಟಿಸದೆ, ಜಡೆ ಹೆಣೆಯದೆ, ಹೂ ಮುಡಿಯದೆ ಬನ್ನಿ" ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಪಾಪ, ಹಾಗೆಯೇ ಬಂದರು. ಬೆಳಗಿನ ಬಸ್ಸಿನಲ್ಲಿ ಕೂದಲು ಬಿಟ್ಟುಕೊಂಡು ನಾಲ್ವರು ಸಾಲಾಗಿ ಕೂತರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ ಎಂಬುದು ನನಗೆ ಹೊಳೆದಿರಲಿಲ್ಲ. ಸಾವಿನ ಮನೆಗೆ ಹೊರಟವರನ್ನು ಯಾರು ತಡೆದು ಕೇಳುತ್ತಾರೆ? ಸುದ್ದಿ ಮಾತ್ರ, ನಾಲ್ವರೂ ಆಸ್ಪತ್ರೆಯ ಮುಂದೆ ಇಳಿದರು ಎಂಬುದೂ ಸೇರಿ, ಫೋನಿನಲ್ಲಿ ಓಡಿತು.

ಶುರುವಿನ ಎರಡು ನಿಮಿಷ ಕಣ್ಣು ಮುಚ್ಚಿ ಕೂರಿಸುವುದು ನಮ್ಮ ಪದ್ಧತಿ. ಮೊದಲ ಹೆಂಗಸು ಟೋಪಿ ಹಾಕಿಕೊಂಡು ಹಾಗೆ ಕೂತಿದ್ದಾಗ ಬಾಗಿಲು ದಡಾರನೆ ತೆರೆಯಿತು. ಅವರ ತಮ್ಮ, ಕೈಯಲ್ಲಿ ಇಷ್ಟು ದಪ್ಪದ ಸೇವಂತಿಗೆ ಹಾರ. ಅಕ್ಕನ ತಲೆತುಂಬ ತಂತಿ, ಮುಚ್ಚಿದ ಕಣ್ಣು ನೋಡಿದವನೇ "ಅಯ್ಯೋ ನಮ್ಮಕ್ಕಾ!" ಎಂದು ಕುಸಿದುಬಿಟ್ಟ. 

ಅಕ್ಕ ಕಣ್ಣು ಬಿಟ್ಟು ತಮ್ಮನನ್ನೂ ಹಾರವನ್ನೂ ನೋಡಿದರು. "ಅಯ್ಯೋ, ಯಾರ್ಗೇನಾಯ್ತು ಏಳ್ಲಾ!" ಎಂದು ಅವರೂ ಶುರುಮಾಡಿದರು. ಹೊರಗಿದ್ದ ಮೂವರೂ ಬಂದು ಸೇರಿಕೊಂಡರು. ಯಾರೂ ಸತ್ತಿಲ್ಲ ಎಂದು ಒಪ್ಪಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಅವತ್ತಿನ ದಾಖಲೆಯೆಲ್ಲ ದಂಡ.

ಹಾರ ಉಳಿಯಿತಲ್ಲ! ಸಾವಿಗೆಂದು ತಂದದ್ದನ್ನು ಮನೆಗೆ ಒಯ್ಯುವಂತಿಲ್ಲ. ತಮ್ಮ ಅದನ್ನು ನಮ್ಮ ಯಂತ್ರಕ್ಕೆ ಹಾಕಿ, ಕೈಮುಗಿದು ಹೋದ. ಸಂಜೆ ಮೇಡಂ ಬಂದು ನೋಡಿ, "ಜನ ಎಷ್ಟು ಗೌರವ ಕೊಡ್ತಾರೆ ನೋಡಿ!" ಎಂದು ಫೋಟೊ ತೆಗೆದು ಎಲ್ಲರಿಗೂ ಕಳಿಸಿದರು.

೨. ಮೂರು ಗೆರೆ

ತಿ. ನರಸೀಪುರದಲ್ಲಿ ಒಬ್ಬ ಹಿರಿಯ ರೈತರು ಬಂದರು. ಬಿಳಿ ಪಂಚೆ, ಹಣೆತುಂಬ ವಿಭೂತಿ. ನನಗೆ ಹಣೆಯ ಮೇಲೆ ಎರಡು ತಂತಿ ಅಂಟಿಸಬೇಕು.

"ಸ್ವಲ್ಪ ಒರೆಸಬೇಕಿತ್ತು" ಎಂದೆ.

"ವಿಭೂತಿ ಅಳಿಸೋದಾ? ಬೋಳು ಅಣೇಲಿ ಕೂತ್ಕಂಡು ಮಾತಾಡ್ಬೇಕಾ ನಾನು?"

ಬೇಡಿಕೊಂಡೆ. ಕಡೆಗೆ, ಎರಡು ಬೆರಳಿನಷ್ಟು ಜಾಗ ಒರೆಸಲು ಒಪ್ಪಿದರು. ತಂತಿ ಅಂಟಿಸಿ ಪರದೆಯ ಕಡೆ ತಿರುಗಿ ಮತ್ತೆ ನೋಡುತ್ತೇನೆ... ರೈತರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ತಂತಿಗಳ ಮೇಲೆಯೇ ಮೂರು ಗೆರೆ ಎಳೆದು, ನೆಮ್ಮದಿಯಾಗಿ ಕೂತಿದ್ದರು.

"ನಿಮ್ ಯಂತ್ರುಕ್ಕೂ ಒಳ್ಳೇದಾಗ್ಲಿ ಬುಡಿ" ಎಂದರು.

ಆಶ್ಚರ್ಯವೆಂದರೆ, ಅಷ್ಟು ಸ್ವಚ್ಛವಾದ ಅಲೆ ನಾನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಆ ಅಲೆ ನೋಡಿದ ಮೇಡಂ ಮೈಸೂರಿನಿಂದ ಫೋನ್ ಮಾಡಿ, "ಯಾವ ಹೊಸ ಅಂಟು ಹಾಕಿದಿರಿ? ಹೆಸರು ಕಳಿಸಿ, ವರದಿಯಲ್ಲಿ ಬರೀಬೇಕು" ಎಂದರು.

೩. ಪಚ್ಚಬಾಳೆ

ಅಲೆಯೇನೋ ಸರಿ ಬಂತು, ಮಾತು ಬರಬೇಕಲ್ಲ. ಅದೇ ರೈತರಿಗೆ ಮೊದಲ ಚಿತ್ರ ತೋರಿಸಿದೆ, ಬಾಳೆಹಣ್ಣು. ಅವರು ಕಣ್ಣು ಕಿರಿದು ಮಾಡಿ ಮುಂದೆ ಬಗ್ಗಿದರು. ಟೋಪಿ ವಾಲಿತು.

"ಇದ್ ಯಾವೂರ್ದು?"

"ಬರೀ ಹೆಸರು ಹೇಳಿ ಯಜಮಾನ್ರೇ. ಒಂದೇ ಪದ."

"ಒಂದೇ ಪದ್ದಲ್ಲಿ ಎಂಗೇಳದು ಕಣ್ರೀ? ಇದು ಪಚ್ಚಬಾಳೆ. ರಸಬಾಳೆ ಅಲ್ಲ. ಏಲಕ್ಕಿನೂ ಅಲ್ಲ. ತೊಟ್ಟು ನೋಡಿ, ಔಷ್ದ ವಡ್ದು ಅಣ್ಣು ಮಾಡವ್ರೆ. ನಂಜನಗೂಡ್ ಪಕ್ದಲ್ಲೇ ಕೂತ್ಕಂಡು ಇದ್ನ ಬಾಳೆಅಣ್ಣು ಅನ್ನಕೆ ನಂಗೆ ಬಾಯ್ ಬರಲ್ಲ."

ಹಸು ತೋರಿಸಿದರೆ ಎಷ್ಟು ಹಾಲು ಕೊಡುತ್ತದೆ ಎಂದು ನನ್ನನ್ನೇ ಕೇಳಿದರು. ಆ ದಾಖಲೆಯೂ ಹೋಯಿತು. ನನಗೆ ಅಳುವಷ್ಟು ಸಿಟ್ಟು, ಏಕೆಂದರೆ ಸೋಮವಾರ ಕಳಲೆಯ ಅಮ್ಮನ ಮುಖ ನೋಡಬೇಕಿತ್ತು. ಮುಂದಿನ ವಾರ ಆ ರೈತರು ಒಂದು ಚಿಪ್ಪು ರಸಬಾಳೆ ತಂದು ಮೇಜಿನ ಮೇಲಿಟ್ಟು, "ಮೊದ್ಲು ನೀವ್ ಇದ್ನ ತಿಂದ್ ಪಾಸಾಗಿ, ಆಮೇಲ್ ನಮ್ಗೆ ಪರೀಕ್ಷೆ ಮಾಡೀರಂತೆ" ಎಂದರು.

೪. ಒಂದೇ ಒಂದು ಮಾತು

ಅಂತೂ ಹತ್ತು ಜನರ ದಾಖಲೆ ಮುಗಿಯಿತು. ಕಳಲೆಯ ಅಮ್ಮ ತಮ್ಮ ಯಜಮಾನರನ್ನು ಕರೆತಂದರು. ಗಂಭೀರ ಮನುಷ್ಯ, ಸುಮ್ಮನೆ ಕೂತು ಟೋಪಿ ಹಾಕಿಸಿಕೊಂಡರು. ಮೇಡಂ ಕೂಡ ಅವತ್ತು ಇದ್ದರು.

ಕೊಡೆ ತೋರಿಸಿದೆವು, ಕತ್ತರಿ, ಕುರ್ಚಿ. ಪ್ರತಿ ಸಲವೂ ತುಟಿ ನಡುಗುತ್ತಿತ್ತು, ದನಿ ಇಲ್ಲ. ಅಮ್ಮ ಪಕ್ಕದಲ್ಲಿ ಸೆರಗು ಹಿಂಡುತ್ತ ಕೂತಿದ್ದರು. ಆಮೇಲೆ ಎತ್ತಿನ ಚಿತ್ರ ಬಂತು.

"ಎತ್ತು ಅನ್ರೀ" ಎಂದರು ಅಮ್ಮ. "ನಮ್ ಕೆಂದೆತ್ತೇ ಅನ್ಕಂಡು ಏಳಿ."

ಯಜಮಾನರು ಪರದೆಯನ್ನೇ ನೋಡಿದರು. ಏನೂ ಬರಲಿಲ್ಲ. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ಆ ಕೆಂದೆತ್ತ ನಮ್ಮಣ್ಣುಂಗೆ ಕೊಟ್ಬುಟ್ಟೆ ಸಾ, ಓದ್ವಾರ. ಇವ್ರ್ಗಿನ್ನೂ ಏಳಿಲ್ಲ. ನಂಗೊಬ್ಳ್ಗೆ ಮೇಯ್ಸಕಾಯ್ತಿರ್ಲಿಲ್ಲ" ಎಂದರು.

"ಥೂ! ನಿನ್ ಮನೆ ಕಾಯ್ವೋಗ, ಮುಂಡೇದೆ!"

ಯಜಮಾನರು! ಗುಡುಗಿನಂಥ ದನಿ, ಒಂದಕ್ಷರ ತೊದಲಿರಲಿಲ್ಲ. ನನ್ನ ಕೈಲಿದ್ದ ಪೆನ್ನು ಬಿತ್ತು. ಮೇಡಂ ಬಾಯಿ ತೆರೆದದ್ದು ತೆರೆದೇ ಇತ್ತು. ಎಲ್ಲರಿಗಿಂತ ಹೆಚ್ಚು ದಂಗಾಗಿದ್ದವರು ಯಜಮಾನರೇ. ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

"ಬೈದ್ರು!" ಅಮ್ಮ ಚೀರಿದರು. "ಸಾ, ನಮ್ಮೋರು ಬೈದ್ರು!" ಕಣ್ಣಲ್ಲಿ ಧಾರಾಕಾರ ನೀರು. ಓಡಿಹೋಗಿ ಬೀದಿಯಲ್ಲಿ ನಿಂತಿದ್ದ ಆಟೋದವರಿಗೂ, "ನಂಗೆ ಬೈದ್ರು ಕಣಪ್ಪಾ!" ಎಂದು ಹೇಳಿ ಬಂದರು.

ಪರದೆ ನೋಡಿದೆ. ದವಡೆ ಅಲುಗಿ ಗೆರೆಗಳೆಲ್ಲ ಬೆಟ್ಟಗುಡ್ಡ, ದಾಖಲೆ ಕಾಸಿಗೂ ಬಾರದು. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಮತ್ತೆ ಕೊಡೆ ತೋರಿಸಿದರೆ ಮತ್ತೆ ಮೌನ. ಬೈಗುಳ ಮಿದುಳಿನಲ್ಲಿ ಬೇರೆ ದಾರಿಯಿಂದ ಬರುತ್ತದೆ, ಅದೊಂದು ದಾರಿ ಇವರಿಗೆ ಉಳಿದಿದೆ, ಅಭ್ಯಾಸ ಮಾಡಿಸಿದರೆ ಬೇರೆ ಮಾತೂ ಬರಬಹುದು ಎಂದು ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣೊರೆಸಿಕೊಂಡು, ಗಂಡನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದರು.

"ಇನ್ನೂ ಒಂದ್ ಎತ್ತದೆ ಸಾ. ಅದ್ನೂ ಕೊಟ್ಬುಡ್ಲಾ?"