ದೊರೆ ಹಿಡಿದ ಕನ್ನಡಿ

ಇನ್ನು ಮುಂದೆ ನನ್ನ ತಲೆಗೆ ಯಾರ ಕತ್ತರಿಯೂ ತಾಗಕೂಡದು, ನನ್ನ ಕೂದಲನ್ನು ನಾನೇ ಕತ್ತರಿಸಿಕೊಳ್ಳುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಚಹಾ ಲೋಟ ಕೆಳಗಿಡುತ್ತಾ ಘೋಷಿಸಿದೆ. ಹೆಂಡತಿ ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

"ನೆಲಕ್ಕೆ ಹಳೇ ಪೇಪರ್ ಹಾಸ್ಕೊಳ್ಳಿ," ಎಂದಳು. ಇತಿಹಾಸದಲ್ಲಿ ಯಾವ ಮಹಾಪ್ರತಿಜ್ಞೆಗೂ ಇಷ್ಟು ತಣ್ಣಗಿನ ಸ್ವಾಗತ ಸಿಕ್ಕಿರಲಾರದು.

ಪ್ರತಿಜ್ಞೆಗೆ ಕಾರಣವಿತ್ತು. ನನ್ನ ಬಾಲ್ಯದ ಗೆಳೆಯ ಕ್ಷೌರಿಕ. ಹೆಡ್‌ಮಾಸ್ಟರಾಗಲಿ, ಪೊಲೀಸಾಗಲಿ ಅವನ ಮುಂದೆ ತಲೆ ತಗ್ಗಿಸದೆ ವಿಧಿಯಿರಲಿಲ್ಲ. ಹಾಗಾಗಿ ನಾವು ಅವನಿಗಿಟ್ಟ ಹೆಸರು ದೊರೆ. ಬೇಸಿಗೆಯ ಆರಂಭದಲ್ಲಿ ದೊರೆ ತೀರಿಕೊಂಡ. ಸಂಜೆ ನಗುತ್ತಾ ಅಂಗಡಿ ಮುಚ್ಚಿದವನು ಬೆಳಿಗ್ಗೆ ತೆರೆಯಲಿಲ್ಲ. ಆ ಸುದ್ದಿ ಇನ್ನೂ ನನ್ನ ಕಿವಿಯ ಹೊರಗೇ ನಿಂತಿದೆ, ಒಳಗೆ ಬಂದಿಲ್ಲ.

ನಾವು ಎಂದರೆ ನಾನು ಮತ್ತು ಟೈಲರ್. ನಾನು ಲೈಬ್ರರಿಯಲ್ಲಿ ಪುಸ್ತಕಗಳಿಗೆ ಸೀಲು ಹೊಡೆದು ನಿವೃತ್ತನಾದವನು. ಶನಿವಾರ ಸಂಜೆ ದೊರೆಯ ಅಂಗಡಿಯಲ್ಲಿ ಮೂವರೂ ಸೇರುತ್ತಿದ್ದೆವು. ಒಬ್ಬ ಕುರ್ಚಿಯಲ್ಲಿ, ಒಬ್ಬ ಬೆಂಚಿನ ಮೇಲೆ, ದೊರೆ ನಿಂತುಕೊಂಡು. ಕೂದಲು ಬೆಳೆದಿರಲಿ ಬಿಡಲಿ, ಅವನ ಕತ್ತರಿ ಗಾಳಿಯಲ್ಲಾದರೂ ಆಡುತ್ತಿತ್ತು. ಎದುರಿನ ಅಂಗಡಿಯಿಂದ ಚಹಾ ಬರುತ್ತಿತ್ತು. ಕೊನೆಗೆ ಅವನು ಕೈಗನ್ನಡಿಯನ್ನು ನನ್ನ ತಲೆಯ ಹಿಂದೆ ಹಿಡಿದು, "ಹಿಂದೆ ಕಾಡು ಕಣೋ, ಕಾಡು. ನನ್ನ ಕತ್ತರಿಗೇ ದಾರಿ ತಪ್ಪುತ್ತೆ," ಎನ್ನುತ್ತಿದ್ದ. ನಾನು ಹರೆಯದವನಂತೆ ಬೀಗುತ್ತಾ ಮನೆಗೆ ಬರುತ್ತಿದ್ದೆ. ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನದು ಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ.

ಅವನು ಹೋದ ಮೇಲೆ ಒಮ್ಮೆ ಬೇರೆ ಅಂಗಡಿಯ ಬಾಗಿಲವರೆಗೆ ಹೋಗಿದ್ದೆ. "ಬನ್ನಿ ಅಂಕಲ್, ಹೇಗೆ ಕಟ್ ಮಾಡ್ಲಿ?" ಎಂದು ಒಳಗಿದ್ದ ಹುಡುಗ ಕೇಳಿದ. ಆ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಉತ್ತರ ತಿಳಿಯದೆ ಹಿಂದಿರುಗಿದೆ.

ಪ್ರತಿಜ್ಞೆಯ ಆ ಭಾನುವಾರವೇ ಸಂಜೆ ಅಂಗಡಿಯ ಗೋಡೆಗೆ ದೊರೆಯ ಫೋಟೋ ಹಾಕುವುದಿತ್ತು. ಅವನ ಹೆಂಡತಿ, ನಮ್ಮ ಅತ್ತಿಗೆ, "ನೀವೇ ನಾಲ್ಕು ಮಾತಾಡ್ಬೇಕು," ಎಂದಿದ್ದರು. ಕಾಲರಿಗಿಳಿದ ಕೂದಲಿನಲ್ಲಿ ತಪಸ್ವಿಯಂತೆ ಹೋದರೆ ದೊರೆಗೆ ಅವಮಾನ. ಬೇರೆಯವರ ಕತ್ತರಿಗೆ ತಲೆಯೊಡ್ಡಿ ಹೋದರೆ ದ್ರೋಹ. ಉಳಿದದ್ದು ಸ್ವಾವಲಂಬನೆ!

ಬಚ್ಚಲುಮನೆಯ ಕನ್ನಡಿಯ ಮುಂದೆ, ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಹಿಡಿದು ನಿಂತೆ. ಕನ್ನಡಿಯಲ್ಲಿ ಎಡ ಬಲವಾಗಿ, ಬಲ ಎಡವಾಗಿ, ಕೈ ಯಾರ ಮಾತನ್ನೂ ಕೇಳದಾಯಿತು. ಬಲಗಡೆ ಸ್ವಲ್ಪ ಹೆಚ್ಚು ಹೋಯಿತು. ಸರಿತೂಗಿಸಲು ಎಡಗಡೆ ತೆಗೆದೆ. ಅದು ಇನ್ನೂ ಹೆಚ್ಚಾಯಿತು. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಲೆಕ್ಕದಲ್ಲಿ ಎರಡೂ ಕಿವಿಗಳ ಮೇಲೆ ನೆಲ ಕಾಣಿಸಿತು. ಇರಲಿ, ಹಿಂದೆ ಕಾಡಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು, ಹೆಂಡತಿಯ ಪುಟ್ಟ ಕನ್ನಡಿಯನ್ನು ತಲೆಯ ಹಿಂದೆ ಎತ್ತಿ ಹಿಡಿದೆ.

ಅಲ್ಲಿ ತಟ್ಟೆಯಗಲದ ಬೋಳು, ಬಲ್ಬಿನ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

"ಬಾರೇ ಇಲ್ಲಿ, ಕತ್ತರಿ ಜಾರಿಬಿಡ್ತು!"

ಹೆಂಡತಿ ಬಂದು ಇಣುಕಿದಳು. "ಅದಾ? ಅದು ಹಳೇದು ಕಣ್ರೀ."

"ಹಳೇದು ಅಂದ್ರೆ?"

"ಮಗಳು ಕಾಲೇಜು ಸೇರಿದಾಗಿಂದ ಇದೆ."

"ಅವಳ ಮಗಳೇ ಈಗ ಕಾಲೇಜಿಗೆ ಹೋಗ್ತಿದಾಳಲ್ಲೇ."

"ಹೂಂ. ಇದೂ ಜೊತೆಜೊತೆಗೇ ಬೆಳೀತು."

"ಒಂದು ಮಾತು ಹೇಳ್ಬಾರದಿತ್ತಾ?"

"ದೊರೆ ಅಣ್ಣ ಬೇಡ ಅಂದಿದ್ರು. 'ಅವನು ನಡೆಯೋದು ಮುಂದಕ್ಕೇ ತಾನೇ ತಂಗಿ, ಹಿಂದಿನ ಸುದ್ದಿ ಅವನಿಗ್ಯಾಕೆ' ಅಂದ್ರು."

ಆಗ ಹೊಳೆಯಿತು. ದೊರೆಯ ಕೈಗನ್ನಡಿ ಯಾವಾಗಲೂ ಕೊಂಚ ಕೆಳಗೆ, ಕೊಂಚ ವಾರೆಯಾಗಿ ಇರುತ್ತಿತ್ತು. ಕುತ್ತಿಗೆಯ ಮೇಲಿನ ಒತ್ತಾದ ಕೂದಲಷ್ಟೇ ಕಾಣುತ್ತಿತ್ತು. ಕಾಡಿನ ಬೇಲಿಯನ್ನು ತೋರಿಸಿ ಕಾಡೆಂದು ನಂಬಿಸಿದ್ದ!

ಟೈಲರ್‌ಗೆ ಫೋನ್ ಮಾಡಿದೆ. "ನಿನಗೂ ಗೊತ್ತಿತ್ತಾ?"

"ಹಿಂದಿನ ಬೆಂಚಲ್ಲಿ ಕೂತವನಿಗೆ ಇನ್ನೇನು ಕಾಣ್ಬೇಕಿತ್ತು? ತಡಿ, ಬಂದೆ."

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಟೇಪು, ಚಾಕ್‌ಪೀಸಿನೊಂದಿಗೆ ಬಂದ. ಅವನ ಕೂದಲೂ ಕಾಲರು ದಾಟಿತ್ತು. ಬೇರೆ ಅಂಗಡಿಗೆ ಅವನೂ ಹೋಗಿರಲಿಲ್ಲ. ನನ್ನ ಕಿವಿಯಿಂದ ಕಿವಿಗೆ ಚಾಕಿನಲ್ಲಿ ಗೆರೆ ಎಳೆದ.

"ಉಸಿರು ಬಿಗಿ ಹಿಡಿ."

"ತಲೆಗೆ ಯಾಕೋ?"

"ಅಭ್ಯಾಸ. ಹೆದರ್ಬೇಡ, ಸ್ವಲ್ಪ ಉದ್ದ ಬಿಟ್ಟಿರ್ತೀನಿ. ಬೇಕಾದ್ರೆ ಒಳಗೆ ಮಡಚಬಹುದು."

"ಇದು ಪ್ಯಾಂಟಲ್ಲ ಕಣೋ."

ಕೆಲಸ ಮುಗಿದಾಗ ನನ್ನ ತಲೆ, ವಾರೆಯಾಗಿ ಮುಚ್ಚಳ ಕೂರಿಸಿದ ಪಾತ್ರೆಯಂತಿತ್ತು. ನನ್ನ ಮುಖ ನೋಡಿ ಟೈಲರ್ ಸ್ಟೂಲಿನ ಮೇಲೆ ತಾನೇ ಕೂತ. "ನಂದೂ ತೆಗಿ. ನೀನೊಬ್ಬನೇ ನಗೆಪಾಟಲಾಗೋದು ಬೇಡ."

ಹಾಲಿನ ಪ್ಯಾಕೆಟ್ಟಿನ ಕತ್ತರಿ ಎತ್ತಿದವನು ಹಾಗೇ ನಿಂತೆ. ಅವನ ಹಿಂದಲೆಯಲ್ಲೂ ಅದೇ ತಟ್ಟೆ, ನನ್ನದಕ್ಕಿಂತ ದೊಡ್ಡದು. ನಾನು ಬೆಂಚಿನ ಮೇಲೆ ಕೂತಾಗಲೆಲ್ಲ ಪೇಪರ್ ಓದುತ್ತಿದ್ದೆನೇ ಹೊರತು ಅವನ ತಲೆ ನೋಡಿರಲಿಲ್ಲ. ಅವನಿಗೂ ದೊರೆ ಪ್ರತಿ ಸಲ ಕಾಡಿನ ವರ್ಣನೆ ಮಾಡುತ್ತಿದ್ದುದು ನೆನಪಾಯಿತು. ತುಟಿ ಬಿಗಿದು ಕತ್ತರಿಸಿದೆ.

ಸಂಜೆ ಅಂಗಡಿಯಲ್ಲಿ ಅತ್ತಿಗೆ ನಮ್ಮಿಬ್ಬರನ್ನೂ ನೋಡಿದರು. ಸೆರಗು ಬಾಯಿಗೆ ಹೋಯಿತು. ಅಳುತ್ತಾರೆಂದುಕೊಂಡೆ. ಭುಜ ಕುಲುಕಿಸಿ ನಗುತ್ತಿದ್ದರು. ಅವನು ಹೋದಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಇದನ್ನ ಅವರು ನೋಡಿದ್ದಿದ್ರೆ ಅಂಗಡಿಗೆ ಬೀಗ ಹಾಕ್ಬಿಡ್ತಿದ್ರು," ಎಂದರು.

ಫೋಟೋ ಹಾಕಿಯಾಯಿತು. ದೊರೆ ಗೋಡೆಯಿಂದ ನೇರವಾಗಿ ನನ್ನ ತಲೆಯನ್ನೇ ನೋಡುತ್ತಿದ್ದ. ನಾಲ್ಕು ಮಾತಾಡಲು ಎದ್ದೆ. ಓದಿದ ಪುಸ್ತಕಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ನನ್ನನ್ನು ಪಾರುಮಾಡಲೆಂದೇ ಇರಬೇಕು, ಟೈಲರ್ ಹೋಗಿ ಆ ಕುರ್ಚಿಯಲ್ಲಿ ಕೂತ.

"ಹಿಂದೆ ಹೇಗಿದೆ, ತೋರ್ಸು."

ಮೊಳೆಯಲ್ಲಿ ತೂಗುತ್ತಿದ್ದ ಕೈಗನ್ನಡಿ ತೆಗೆದೆ. ಕೊಂಚ ಕೆಳಗೆ, ಕೊಂಚ ವಾರೆಯಾಗಿ ಹಿಡಿದೆ.

"ಕಾಡು ಕಣೋ," ಎಂದೆ. "ಕಾಡು."

ಟೈಲರ್ ಎದುರಿನ ಕನ್ನಡಿಯಲ್ಲೇ ನನ್ನನ್ನು ನೋಡಿದ. "ನನ್ನ ಅಂಗಡಿಯಲ್ಲಿ ಮೂರು ಕಡೆ ಆಳೆತ್ತರದ ಕನ್ನಡಿ ಇದೆ. ನನ್ನ ಹಿಂದೆ ಏನಿದೆ ಅಂತ ನನಗೆ ಗೊತ್ತಿಲ್ವೇನೋ?"

"ಮತ್ತೆ ದೊರೆ ಹೇಳಿದಾಗೆಲ್ಲ ನೀನ್ಯಾಕೆ ಬೀಗ್ತಿದ್ದೆ?"

"ಅದನ್ನ ಕೇಳೋಕೇ ತಾನೇ ವಾರವಾರ ಬರ್ತಿದ್ದಿದ್ದು." ಕುರ್ಚಿಯಿಂದೇಳುತ್ತಾ ನನ್ನ ಕೈಯಿಂದ ಕನ್ನಡಿ ತೆಗೆದು ಮೊಳೆಗೆ ಹಾಕಿದ. "ಶನಿವಾರ ಬಂದು ಇನ್ನೊಂದ್ಸಲ ಹೇಳು. ಅಷ್ಟರಲ್ಲಿ ಅಭ್ಯಾಸ ಮಾಡ್ಕೋ. ಅವನು ಸುಳ್ಳು ಹೇಳುವಾಗ ಕನ್ನಡಿ ಅಲ್ಲಾಡ್ತಿರಲಿಲ್ಲ."