ಬ್ಯಾರನ್ ಗೋಡೆ ಪಕ್ಕದ ಪ್ರೊಸೆಸರ್ ಪರೀಕ್ಷೆ

ತಪ್ಪು ಮಾಡುವುದು ದೊಡ್ಡ ವಿಷಯವಲ್ಲ. ತಪ್ಪನ್ನೇ ನಾಲ್ಕು ಜನರ ಮುಂದೆ ಸಾಬೀತು ಮಾಡಿ ಶಭಾಷ್ ಅನ್ನಿಸಿಕೊಂಡವನ ಪಾಡು ಮಾತ್ರ ಯಾರಿಗೂ ಬೇಡ. ಗಾವಡಗೆರೆಯ ಹತ್ತಿರ ನಮ್ಮದು ಹೊಗೆಸೊಪ್ಪಿನ ಬೇಸಾಯ. ಜೊತೆಗೆ ನಾನು ಹೈಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು. ಹಾಗಾಗಿ ನೆಂಟರಲ್ಲಿ ಯಾರ ಮನೆಯ ಮೌಸ್ ಕೆಟ್ಟರೂ ನನ್ನ ಅಪ್ಪಣೆಯಿಲ್ಲದೆ ರಿಪೇರಿಯಾಗುವುದಿಲ್ಲ.

ಪಿರಿಯಾಪಟ್ಟಣದಲ್ಲಿರುವ ತಂಗಿಯ ಮಗಳು ಭವ್ಯ ಈಗಷ್ಟೇ ಪಿಯುಸಿ ಮುಗಿಸಿದ್ದಾಳೆ. ಅವಳು ನನ್ನನ್ನೊಂದು ಮಾತೂ ಕೇಳದೆ, ತಾನೇ ಓದಿ ತಿಳಿದು, ನಾನು ನೆಚ್ಚಿದ ಕಂಪನಿಯ ಪ್ರೊಸೆಸರ್ ಬಿಟ್ಟು ಅದರ ಎದುರಾಳಿಯದನ್ನು ತನ್ನ ಹೊಸ ಕಂಪ್ಯೂಟರಿಗೆ ಹಾಕಿಸಿದಳು. ನನಗೆ ಉರಿದುಹೋಯಿತು. "ತಗೊಂಬಾ, ಒಂದೇ ಗೇಮು ಎರಡ್ರಲ್ಲೂ ಆಡ್ಸಿ ನೋಡೇಬುಡಣ" ಎಂದೆ. ಮಿಕ್ಕ ಭಾಗಗಳೆಲ್ಲ ಎರಡರಲ್ಲೂ ಒಂದೇ. ಪಂದ್ಯ ನಮ್ಮ ಮನೆಯಲ್ಲೇ: ನನ್ನದು ಪಡಸಾಲೆಯಲ್ಲಿ, ಅವಳದು ಒಳಕೋಣೆಯಲ್ಲಿ, ಸುತ್ತ ಎರಡೂ ಮನೆಯ ಮಂದಿ. ಅರ್ಧ ಗಂಟೆಯಲ್ಲಿ ಅವಳ ಗೇಮು ತೆವಳತೊಡಗಿತು, ನನ್ನದು ಓಡುತ್ತಲೇ ಇತ್ತು. ಅವಳ ಅಪ್ಪ ಮಾದೇವ, "ನೋಡ್ದಾ? ಒಂದು ಪ್ರೊಸೆಸರ್ ಆರ್ಸಕ್ ಬರಲ್ಲ, ಮೈಸೂರಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಾಳಂತೆ! ಸುಮ್ಕೆ ಉಣ್ಸೂರಲ್ಲಿ ಬಿ.ಕಾಂ. ಸೇರ್ಕೊ" ಎಂದುಬಿಟ್ಟ. ಅವಳು ಸ್ಕ್ರೀನಿನ ಮೂಲೆಯತ್ತ ಒಮ್ಮೆ ನೋಡಿ ಗೇಮು ಮುಚ್ಚಿದಳು. ನಾನು ಮೀಸೆ ತಿರುವಿದೆ.

ಮಾರನೆಯ ದಿನ ಒದ್ದೆ ಪಂಚೆ ಒಣಹಾಕಲು ಒಳಕೋಣೆಗೆ ಹೋದೆ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದು ಅಲ್ಲೇ. ಗೋಡೆಯ ಆಚೆಗೇ ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್. ಆ ವಾರವಿಡೀ ಒಲೆ ಉರಿಯುತ್ತಿತ್ತು. ಗೋಡೆ ಮುಟ್ಟಿದವನು ಕೈ ಹಿಂದೆಳೆದುಕೊಂಡೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಪ್ರೊಸೆಸರ್ ಕಾದರೆ ತಾನಾಗಿ ನಿಧಾನವಾಗುತ್ತದೆ ಎಂದು ವರ್ಷವರ್ಷ ಪಾಠ ಮಾಡುವವನು ನಾನು. ಸೊಪ್ಪು ಕೆಡಬಾರದೆಂದು ಗಂಟೆಗೊಮ್ಮೆ ಬ್ಯಾರನ್ನಿನ ಥರ್ಮಾಮೀಟರ್ ನೋಡುವವನೂ ನಾನೇ.

ಭವ್ಯಳಿಗೆ ಫೋನ್ ಮಾಡಿ, ಅವಳ ಕಂಪ್ಯೂಟರ್ ಸೋತದ್ದು ಗೋಡೆಯ ಬಿಸಿಗೆ ಎಂದು ತೊದಲಿದೆ.

"ಗೊತ್ತಿತ್ತು ಕಣ್ ಮಾವ. ಬಿಸಿ ಎಷ್ಟು ಅಂತ ಸ್ಕ್ರೀನ್ ಮೂಲೇಲೇ ತೋರುಸ್ತಿತ್ತು. ಅಷ್ಟು ಜನದ್ ಮುಂದೆ ನಿಮ್ಗೆ ಅವಮಾನ ಆಯ್ತದೆ ಅಂತ ಸುಮ್ಕಿದ್ದೆ" ಎಂದಳು. "ಈಗ ನೀವೇ ಅಪ್ಪಂಗೆ ಏಳಿ."

ಹೇಳಿಯೇಬಿಡಬೇಕೆಂದು ಅವರ ಮನೆಗೆ ಹೋದೆ. ಮಾದೇವ ನನ್ನನ್ನು ಕಂಡವನೇ ಜಗಲಿಯಲ್ಲಿ ಕೂತಿದ್ದ ನೆಂಟರಿಗೆ, "ಇವ್ರೇ ಕಣ್ರೀ ನಮ್ ಭಾವ. ಕಂಪ್ಯೂಟರ್ ವಿಷ್ಯದಲ್ಲಿ ಇವ್ರ್ ಏಳುದ್ರೆ ಮುಗೀತು" ಎಂದ. ಕಾಫಿ ಕುಡಿದೆ, ಕೆಮ್ಮಿದೆ, ಕೊನೆಗೆ ಹೇಳಿದ್ದು ಇಷ್ಟೇ: "ಉಡ್ಗೀನ ಕಂಪ್ಯೂಟರ್ ಸೈನ್ಸ್‌ಗೇ ಸೇರ್ಸು. ನಾನ್ ಏಳ್ತಿವ್ನಲ್ಲ."

"ನೀವ್ ಏಳುದ್ಮೇಲೆ ಇನ್ನೇನು ಬುಡಿ" ಎಂದು ಮಾದೇವ ಒಪ್ಪಿದ. ಒಳಗಿದ್ದ ಭವ್ಯಳನ್ನು ಕೂಗಿ, "ಮಾವನ್ ಕಾಲಿಗ್ ಬೀಳವ್ವ. ನಿಂಗ್ ಕಂಪ್ಯೂಟರ್ ಗೊತ್ತಾಗ್ದಿದ್ರೂ ಓದುಸ್ಲಿ ಅಂತ ದೊಡ್ ಮನ್ಸು ಮಾಡವ್ರೆ" ಎಂದ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಬಗ್ಗಿ ಕಾಲು ಮುಟ್ಟಿದಳು. ನಾನು, ನಾಚಿಕೆಗೆಟ್ಟವನು, ಆಶೀರ್ವಾದವನ್ನೂ ಮಾಡಿದೆ.